ಕಾಲಿಲ್ಲದ ದೆವ್ವ

ನಮ್ಮ ಅವ್ವೆ ಒಂದು ಕಾಲದಲ್ಲಿ ದೆವ್ವವಾಗಿದ್ದಳು. ಊಟಿ ಪಕ್ಕದ ಲವ್‌ಡೇಲ್ ಹತ್ತಿರದ ಹಳೇ ಬಂಗಲೆಯಲ್ಲಿ ತಮಿಳು ಭೂತದ ಸಿನಿಮಾ ತೆಗೆಯುವಾಗ ನಾಯಕಿ ಹಸಿ ಇಳಿಜಾರಿನಲ್ಲಿ ಮೇಲಿಂದ ಮೇಲೆ ಜಾರಿ ಬಿದ್ದಳಂತೆ. ಪಕ್ಕದ ತೋಟದಲ್ಲಿ ಚಾ ಎಲೆ ಕೀಳುತ್ತಿದ್ದ ಅವ್ವೆಯನ್ನು ಕರೆದು, ಮಂಜಿನಲ್ಲಿ ಇಳಿದು ಬಾ ಎಂದರು. ಬಟ್ಟೆ ಬದಲಿಸುವ ಕೆಲಸವೇ ಇರಲಿಲ್ಲ. ಕಂಕುಳ ಕೆಳಗೆ ಬಿಗಿದ ಬಿಳಿ ಮುಂಡು, ತಲೆಗೆ ಬಿಳಿ ವಸ್ತ್ರ, ನಮ್ಮ ಹಟ್ಟಿಯ ಹೆಂಗಸರು ದಿನಾ ಉಡುವುದೇ ಅದು. ಅವ್ವೆ ತೋಟದಲ್ಲಿ ಇಳಿಯುವ ಹಾಗೆಯೇ ಇಳಿದಳು, ಪಾದ ಅಡ್ಡ ಮಾಡಿ, ಅಂಚು ಊರಿ, ಒಂದೊಂದೇ ಹೆಜ್ಜೆ.

ಸಿನಿಮಾ ಬಂದಾಗ ಆ ನಡಿಗೆಗೆ ಊರೂರೇ ನಡುಗಿತು. ನಮ್ಮ ಹಟ್ಟಿಯವರು ಮಾತ್ರ ಊಟಿಯ ಟಾಕೀಸಿನಲ್ಲಿ ಎರಡು ಸಾಲು ಹಿಡಿದು ಕೂತು ಬಿದ್ದು ಬಿದ್ದು ನಕ್ಕರು. ಬಿಳಿ ಬಟ್ಟೆ ಕಂಡು ಯಾಕೆ ಹೆದರಬೇಕೆಂದು ನಮ್ಮವರಿಗೆ ಗೊತ್ತೇ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಅವ್ವೆ ಅಂಗಳದಲ್ಲಿ ಬಿದ್ದಳು. ಮುರಿದ ಕಾಲಿನ ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ನಡೆಯದಿದ್ದರೆ ಕಾಲು ಮರಗಟ್ಟುತ್ತದೆ ಎಂದು ಡಾಕ್ಟರು ಹೇಳಿ ಸೋತರು. ನಾನು ಗದರಿದೆ, ಗೋಗರೆದೆ, ಒಮ್ಮೆ ಅತ್ತೂಬಿಟ್ಟೆ. ಜಗಲಿ ಬಿಟ್ಟು ಅವಳು ಅಲುಗಲಿಲ್ಲ. ಅಷ್ಟರಲ್ಲಿ ಅದೇ ಸಿನಿಮಾವನ್ನು ಹೊಸದಾಗಿ ತೆಗೆದಿದ್ದಾರೆಂದು ತಿಳಿಯಿತು. ಜೀಪಿನಲ್ಲಿ ಕೂರಿಸಿ ಮಧ್ಯಾಹ್ನದ ಆಟಕ್ಕೆ ಕರೆದೊಯ್ದೆ.

ಅಂಥ ಕೆಟ್ಟ ಸಿನಿಮಾ ನಾನು ನೋಡಿಲ್ಲ. ಬರೀ ಗದ್ದಲ. ಇಳಿಜಾರಿನ ದೃಶ್ಯ ಬಂದಾಗ ಅವ್ವೆ ನನ್ನ ಕೈ ಹಿಡಿದಳು. ಕಂಪ್ಯೂಟರಿನಲ್ಲಿ ಮಾಡಿದ ಕರಿ ದೆವ್ವವೊಂದು ನೆಲ ಮುಟ್ಟದೆ ತೇಲಿಕೊಂಡು ಬಂತು. ನನಗೆ ಮೈಯೆಲ್ಲ ಉರಿಯಿತು. ಅವ್ವೆ ಕೈ ಬಿಟ್ಟಳು.

ಮರುದಿನ ಬೆಳಿಗ್ಗೆ ಜಗಲಿಯಲ್ಲೇ ಕೂತು, "ಅದಗ ಕಾಲೇ ಇಲ್ಲೆ," ಎಂದಳು. "ಕಾಲಿಲ್ಲದೆ ಏನ ನಡೆ? ಕೋಲು ತಾ."

"ಅಂಗಳದಲ್ಲೇ ನಡೆ ಅವ್ವೆ. ಇಳಿಜಾರು ಬೇಡ."

"ಇಳಿಜಾರೇ ಬೇಕು ಎನಗ."

ಮೊದಲ ದಿನ ಬಾಗಿಲವರೆಗೆ, ವಾರ ಕಳೆದ ಮೇಲೆ ಅಂಗಳದಾಚೆ, ತಿಂಗಳಾದ ಮೇಲೆ ಚಾ ಗಿಡಗಳ ನಡುವೆ. ಜಿಟಿಜಿಟಿ ಮಳೆಯಲ್ಲೂ ಒಂದು ದಿನ ತಪ್ಪಿಸಲಿಲ್ಲ. ಅವಳು ನೋವಿಗೆ ಹಲ್ಲು ಕಚ್ಚಿದಾಗಲೂ ಸಾಕು ಅನ್ನುವ ಧೈರ್ಯ ನನಗಿರಲಿಲ್ಲ.

ಒಂದು ಮಧ್ಯಾಹ್ನ ಮಂಜು ಕವಿದಿತ್ತು. ಕೆಳಗೆ ರಸ್ತೆಯಲ್ಲಿ ಚಾ ಎಲೆ ತುಂಬುವ ಲಾರಿ ನಿಂತಿತ್ತು. ಡ್ರೈವರ್ ಹೊಸಬ, ಗೂಡಲೂರು ಕಡೆಯವನು. ಮಂಜಿನೊಳಗಿಂದ ಪಾದ ಅಡ್ಡ ಇಡುತ್ತಾ ಬಿಳಿಯದೇನೋ ಇಳಿದು ಬರುವುದನ್ನು ಕಂಡವನೇ ಲಾರಿಗೆ ಹತ್ತಿ ಗಾಜು ಏರಿಸಿಕೊಂಡ. ಅವ್ವೆ ಹೋಗಿ ಬೆರಳ ಗೆಣ್ಣಿನಿಂದ ಬಾಗಿಲು ಬಡಿದಳು.

"ಹೆದರಿದೆಯಾ ಮಗಾ?"

ಅವನು ಹೌದೆಂದು ತಲೆಯಾಡಿಸಿದ. ಅವ್ವೆ ತಿರುಗಿ, ಇಳಿಜಾರಿನ ಮೇಲೆ ನಿಂತಿದ್ದ ನನ್ನತ್ತ ನೋಡಿದಳು. ಇಳಿಯುವ ಮೊದಲು ಅವಳು ಕೊಟ್ಟ ಕೋಲು ಇನ್ನೂ ನನ್ನ ಕೈಯಲ್ಲೇ ಇತ್ತು.