ಮೀರಾ ಮೇಡಂ ಕನ್ನಡಕ ತೆಗೆಯದ ದಿನ

ಕರ್ನಾಟಕ ಸಂಗೀತದ ಕಛೇರಿಗಳ ಆಹ್ವಾನ ಪತ್ರಿಕೆಯಲ್ಲಿ ಮುಖ್ಯ ಕಲಾವಿದರ ಹೆಸರು ದಪ್ಪ ಅಕ್ಷರದಲ್ಲಿಯೂ, ಪಕ್ಕವಾದ್ಯದವರ ಹೆಸರು ಅದರ ಕೆಳಗೆ ಸಣ್ಣ ಅಕ್ಷರದಲ್ಲಿಯೂ ಅಚ್ಚಾಗುವುದು ವಾಡಿಕೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಕಳೆದ ಮೂರು ದಶಕಗಳಲ್ಲಿ ನಡೆದ ಕಛೇರಿಗಳ ಪತ್ರಿಕೆಗಳನ್ನು ಯಾರಾದರೂ ಜೋಪಾನವಾಗಿ ತೆಗೆದಿಟ್ಟಿದ್ದರೆ, ದಪ್ಪ ಅಕ್ಷರದ ಹೆಸರುಗಳು ವರ್ಷವರ್ಷವೂ ಬದಲಾಗಿರುವುದನ್ನೂ, ಸಣ್ಣ ಅಕ್ಷರದಲ್ಲಿ ಮಾತ್ರ ಒಂದೇ ಹೆಸರು ಮತ್ತೆ ಮತ್ತೆ ಬಂದಿರುವುದನ್ನೂ ಕಾಣಬಹುದು. ‘ಪಿಟೀಲು: ವಿದುಷಿ ಮೀರಾ ಯಜ್ಞನಾರಾಯಣ.’ ಭದ್ರಾವತಿಯ ರೇಡಿಯೊ ಕೇಂದ್ರದಲ್ಲಿ ಮೂವತ್ಮೂರು ವರ್ಷ ನಿಲಯದ ಕಲಾವಿದೆಯಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಗುರುಗಳು, ಪಕ್ಕವಾದ್ಯವೆಂಬ ವಿದ್ಯೆಯನ್ನು ನಮ್ಮ ಜಿಲ್ಲೆಯಲ್ಲಿ ಅದರ ಪೂರ್ಣ ಗೌರವದೊಡನೆ ನಡೆಸಿಕೊಂಡು ಬಂದವರು. ಅವರ ಬಗ್ಗೆ ನಾಲ್ಕು ಮಾತು ಬರೆಯಲು ಈ ಅಭಿನಂದನ ಗ್ರಂಥದ ಸಂಪಾದಕರು ನನಗೆ ಹೇಳಿದ್ದು ನನ್ನ ಭಾಗ್ಯ. ನಾನು ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇಥ್ ನಡೆಸುವವನು, ಹೆಸರು ಪ್ರಸನ್ನಕುಮಾರ್. ಇಪ್ಪತ್ತೊಂದು ವರ್ಷಗಳಿಂದ ಅವರ ಶಿಷ್ಯ. ಲೇಖನಿ ಹಿಡಿದು ಅಭ್ಯಾಸವಿಲ್ಲ, ತಪ್ಪಿದ್ದರೆ ಮೇಡಂ ಹೇಗೂ ತಿದ್ದುತ್ತಾರೆ.

ನಾನು ಅವರ ಬಳಿಗೆ ಹೋದಾಗ ನನಗೆ ಇಪ್ಪತ್ತು ತುಂಬಿತ್ತು. ಪಿಟೀಲು ಕಲಿಯಲು ಅದು ವಯಸ್ಸಲ್ಲವೆಂದು ಶಿವಮೊಗ್ಗದ ಇಬ್ಬರು ವಿದ್ವಾಂಸರು ನನ್ನನ್ನು ಬಾಗಿಲಿನಿಂದಲೇ ಕಳುಹಿಸಿದ್ದರು. ಮೇಡಂ ಮಾತ್ರ ನನ್ನ ಕೈಗಳನ್ನು ಹಿಂದುಮುಂದು ತಿರುಗಿಸಿ ನೋಡಿ, “ಈ ಗ್ರೀಸು ಹೋಗೋಹಾಗೆ ತೊಳ್ಕೊಂಡು ಬರ್ತೀಯಾದ್ರೆ ಭಾನುವಾರ ಬಾ” ಎಂದರು. ಅಂದಿನಿಂದ ಇಂದಿನವರೆಗೆ ಭಾನುವಾರ ಬೆಳಿಗ್ಗೆ ಅವರ ಮನೆಯ ಕಾಫಿ ಕುಡಿಯುತ್ತಿದ್ದೇನೆ. ಆ ಕಾಫಿಯನ್ನು ಹೊಗಳುವಷ್ಟು ಧೈರ್ಯ ಅಭಿನಂದನ ಗ್ರಂಥದಲ್ಲಿಯೂ ನನಗಿಲ್ಲ. ಹೊಗಳಿಕೆಯ ವಿಷಯದಲ್ಲಿ ಅವರೂ ಹಾಗೆಯೇ. ಮೊದಲ ಆರು ವರ್ಷ ಅವರ ಬಾಯಿಂದ ನಾನು ಕೇಳಿದ ದೊಡ್ಡ ಪ್ರಶಂಸೆ “ಆಯ್ತು” ಎಂಬ ಒಂದೇ ಮಾತು. ಚೆನ್ನಾಗಿ ನುಡಿಸಿದಾಗ ‘ಆಯ್ತು’, ಕೆಟ್ಟದಾಗಿ ನುಡಿಸಿದಾಗಲೂ ‘ಆಯ್ತು’. ವ್ಯತ್ಯಾಸವನ್ನು ನಾವೇ ಮುಖ ನೋಡಿ ತಿಳಿದುಕೊಳ್ಳಬೇಕಿತ್ತು.

ಅವರ ಪ್ರೀತಿ ಬೇರೆ ದಾರಿಯಲ್ಲಿ ಬರುತ್ತಿತ್ತು. 2011ರಲ್ಲಿ ಲೇಥಿನ ಕೆಲಸದಲ್ಲಿ ನನ್ನ ಎಡಗೈಯ ಉಂಗುರದ ಬೆರಳು ಸೀಳಿ, ಮೂರು ತಿಂಗಳು ಅದನ್ನು ಬಗ್ಗಿಸುವಂತಿರಲಿಲ್ಲ. ಪಿಟೀಲನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಎರಡು ಭಾನುವಾರ ನಾನು ಕಾಣದಿದ್ದಾಗ ಮೇಡಂ ಭದ್ರಾವತಿಯಿಂದ ಬಸ್ಸು ಹತ್ತಿ, ಶಿವಮೊಗ್ಗದಲ್ಲಿ ಸಿಟಿ ಬಸ್ಸು ಬದಲಿಸಿ ನಮ್ಮ ಮನೆಗೇ ಬಂದರು. ಬಂದವರು ಬೆರಳು ಹೇಗಿದೆಯೆಂದು ಕೇಳಲಿಲ್ಲ. ತಮ್ಮ ಉಂಗುರದ ಬೆರಳಿಗೂ ಬ್ಯಾಂಡೇಜು ಬಟ್ಟೆ ಬಿಗಿದುಕೊಂಡು, ಉಳಿದ ಬೆರಳುಗಳಲ್ಲಿಯೇ ಒಂದು ವರ್ಣವನ್ನು ಆದ್ಯಂತ ನುಡಿಸಿ ತೋರಿಸಿದರು. ಪೆಟ್ಟಿನ ಸುದ್ದಿ ತಿಳಿದಂದಿನಿಂದ ಹದಿನೈದು ದಿನ ಅದನ್ನು ಅಭ್ಯಾಸ ಮಾಡಿ ಬಂದಿದ್ದರಂತೆ! ಆ ಮೂರು ತಿಂಗಳು ನನಗೆ ಪಾಠ ಹೇಳುವಾಗಲೆಲ್ಲ ಅವರ ಬೆರಳಿಗೂ ಬಟ್ಟೆ ಇರುತ್ತಿತ್ತು. ನನ್ನ ತಾಯಿ ಇಂದಿಗೂ ಅದನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ.

ರೇಡಿಯೊ ಕೇಂದ್ರದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಕುಂಸಿಯ ಹಾಲಮ್ಮನವರೇ ನನಗೆ ಹೇಳಿದ್ದು. ಅವರು ಜೀವನದಲ್ಲಿ ಮೊದಲ ಬಾರಿಗೆ ವಚನ ಹಾಡಲು ಸ್ಟುಡಿಯೊಗೆ ಬಂದಿದ್ದರು. ಕೆಂಪು ದೀಪ ಹತ್ತಿದ್ದೇ ತಡ, ಅವರ ಶ್ರುತಿ ಗಾಬರಿಯಲ್ಲಿ ಮೇಲೇರಿಬಿಟ್ಟಿತು. ಮೇಡಂ ಕಮಾನು ಕೆಳಗಿಟ್ಟು, ಧ್ವನಿಮುದ್ರಣ ಮಾಡುತ್ತಿದ್ದವರಿಗೆ, “ನನ್ನ ತಂತಿ ಇಳಿದುಬಿಟ್ಟಿದೆ, ಕ್ಷಮಿಸಿ, ಮೊದಲಿಂದ ತಗೊಳ್ಳೋಣ” ಎಂದರು. ಎರಡನೆಯ ಸಲವೂ ಹಾಗೇ ಆಯಿತು, ಎರಡನೆಯ ಸಲವೂ ಮೇಡಂ ತಂತಿಯೇ ಇಳಿಯಿತು. ಮೂರನೆಯ ಸಲ ಹಾಲಮ್ಮನವರು ನಿರಾತಂಕವಾಗಿ ಹಾಡಿದರು. ಅಂದು ತಪ್ಪಿದ್ದು ತಾವೇ ಎಂದು ಅವರಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಇಷ್ಟೆಲ್ಲ ಇದ್ದೂ ನನಗೆ ಮೇಡಂ ಮೇಲೆ ಒಂದು ದೂರಿದೆ. ಅಭಿನಂದನ ಗ್ರಂಥದಲ್ಲಿ ದೂರು ಹೇಳುವುದು ಶಿಷ್ಟಾಚಾರವಲ್ಲ, ಆದರೂ ಹೇಳುತ್ತೇನೆ. ಇಷ್ಟು ವರ್ಷಗಳಲ್ಲಿ ಅವರು ತಾವೇ ಮುಖ್ಯ ಕಲಾವಿದೆಯಾಗಿ ಒಂದೇ ಒಂದು ತನಿ ಕಛೇರಿ ಮಾಡಲಿಲ್ಲ. ಶಿವಮೊಗ್ಗದ ನಮ್ಮ ಸಂಗೀತ ಸಭೆಯ ಕಾರ್ಯದರ್ಶಿಗಳಾದ ಷಡಕ್ಷರಪ್ಪನವರು ಪ್ರತಿ ವರ್ಷವೂ ವೇದಿಕೆಯ ನಡುವೆ ಕೂರಲು ಅವರನ್ನು ಕರೆದರು, ಪ್ರತಿ ವರ್ಷವೂ ಮೇಡಂ, “ಯಾರಾದ್ರೂ ಹಾಡೋರನ್ನ ಕರೀರಿ, ಪಕ್ಕದಲ್ಲಿ ನಾನು ಕೂರ್ತೀನಿ” ಎಂದರು. ಕಾರಣ ಕೇಳಿದರೆ ಪಿಟೀಲನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತೆಂದು ಅರ್ಥ. ಆ ಕಾರಣ ನಮಗೆ ತಿಳಿದದ್ದು ಸಾವಿರಾರು ಮೈಲಿ ದೂರದಲ್ಲಿ, ಅದೂ ನಾವು ಮಾನ ಕಳೆದುಕೊಂಡ ಮರುದಿನ.

2023ರಲ್ಲಿ ಆಸ್ಟ್ರಿಯಾದ ಒಂದು ಸಣ್ಣ ಊರಿನಲ್ಲಿ ಅಂತರರಾಷ್ಟ್ರೀಯ ಚೇಂಬರ್ ಸಂಗೀತ ಸ್ಪರ್ಧೆಯೊಂದು ಏರ್ಪಾಡಾಗಿತ್ತು. ಮೂರರಿಂದ ಆರು ಜನ ಸೇರಿ, ಮುಂದೆ ನಿಂತು ಕೈಯಾಡಿಸುವ ನಿರ್ದೇಶಕರಿಲ್ಲದೆ, ಒಬ್ಬರನ್ನೊಬ್ಬರು ಆಲಿಸುತ್ತ ನುಡಿಸುವ ಸಂಗೀತವದು. ಯಾವ ದೇಶದ ಯಾವ ವಾದ್ಯವಾದರೂ ಸರಿ. ಆದರೆ ಪ್ರತಿ ತಂಡವೂ ತನ್ನ ಪರಂಪರೆಯ ಒಂದು ಹಳೆಯ ಕೃತಿಯನ್ನೂ, ಹತ್ತು ವರ್ಷದೊಳಗೆ ರಚನೆಯಾದ ಒಂದು ಹೊಸ ಕೃತಿಯನ್ನೂ ಜೋಡಿಯಾಗಿ ನುಡಿಸಬೇಕು, ಎರಡಕ್ಕೂ ಒಂದು ನಂಟಿರಬೇಕು. ನನ್ನ ಜೊತೆ ಪಿಟೀಲು ಕಲಿತ, ಶಿವಮೊಗ್ಗದಲ್ಲಿ ಹೈಸ್ಕೂಲು ವಿಜ್ಞಾನ ಶಿಕ್ಷಕಿಯಾಗಿರುವ ಸ್ಫೂರ್ತಿ ಇದನ್ನು ಮೊಬೈಲಿನಲ್ಲಿ ಕಂಡು ಹಟ ಹಿಡಿದಳು. ಭದ್ರಾವತಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ, ನಮ್ಮೊಡನೆ ಮೃದಂಗ ನುಡಿಸುವ ಪರಮೇಶ್ ಮೂರನೆಯವನಾದ. ಮೂವರೂ ಪಕ್ಕವಾದ್ಯದವರು. ಷಡಕ್ಷರಪ್ಪನವರಂತೂ, “ಏನ್ರಯ್ಯಾ, ಮದುಮಗನಿಲ್ಲದ ದಿಬ್ಬಣ ಹೊರಟಂಗಾಯ್ತಲ್ಲ!” ಎಂದು ಮನಸಾರೆ ನಕ್ಕರು.

ಹಳೆಯದಕ್ಕೆ ಕಲ್ಯಾಣಿ ರಾಗದ ಒಂದು ಕೃತಿ ಸಿಕ್ಕಿತು. ಹೊಸದನ್ನು ಎಲ್ಲಿಂದ ತರುವುದು? ಎರಡು ವಾರ ಕಳೆದ ಮೇಲೆ ಮೇಡಂ ಒಂದು ನೋಟ್‌ಪುಸ್ತಕ ತಂದು ನಮ್ಮ ಮುಂದಿಟ್ಟರು. ಗಾಯಕರು ಆಲಾಪನೆ ಮಾಡುವಾಗ ಒಂದು ಸಂಚಾರ ಮುಗಿಸಿ ಉಸಿರೆಳೆದುಕೊಳ್ಳುತ್ತಾರಲ್ಲ, ಆ ಹೊತ್ತಿನಲ್ಲಿ ಪಿಟೀಲಿನವರು ಅದಕ್ಕೊಂದು ಚಿಕ್ಕ ಉತ್ತರ ಕೊಡುವುದು ಪದ್ಧತಿ. ಮೂವತ್ತು ವರ್ಷಗಳಲ್ಲಿ ಯಾರಿಗೋ ಕೊಟ್ಟ ಅಂತಹ ಉತ್ತರಗಳಲ್ಲಿ ತಮಗೆ ಮೆಚ್ಚಿಕೆಯಾದವನ್ನು ಅವರು ಮನೆಗೆ ಬಂದು ಬರೆದಿಡುತ್ತಿದ್ದರು. ಅವುಗಳಲ್ಲಿ ಕಲ್ಯಾಣಿಯವನ್ನು ಆರಿಸಿ, ಪೋಣಿಸಿ, ಹನ್ನೊಂದು ನಿಮಿಷದ ಒಂದು ರಚನೆ ಮಾಡಿದ್ದರು. ಅದರಲ್ಲಿ ಹಾಡುವವರಿಲ್ಲ, ಉತ್ತರಗಳು ಮಾತ್ರ ಇವೆ. ಹೆಸರೂ ‘ಉತ್ತರಗಳು’. ಮೊದಲ ಸಲ ನುಡಿಸಿ ಮುಗಿಸಿದಾಗ ಸ್ಫೂರ್ತಿ ಅತ್ತೇಬಿಟ್ಟಳು. ನಮ್ಮ ಪಕ್ಕದಲ್ಲಿಯೇ ಇಷ್ಟು ವರ್ಷ ಇಂಥದೊಂದು ಸಂಗೀತವಿತ್ತೆಂದು ತಿಳಿದು ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಅಭ್ಯಾಸವೆಲ್ಲ ಮೇಡಂ ಮನೆಯ ನಡುಮನೆಯಲ್ಲಿ ನಡೆಯಿತು. ಅವರು ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದರು. ಆಯ್ಕೆಗಾಗಿ ಕಳುಹಿಸಬೇಕಿದ್ದ ವಿಡಿಯೊ ತೆಗೆದದ್ದೂ ಅಲ್ಲಿಯೇ, ಅವರು ಕ್ಯಾಮೆರಾದ ಹಿಂದೆ ಅದೇ ಕುರ್ಚಿಯಲ್ಲಿದ್ದಾಗ. ನಾವು ಆಯ್ಕೆಯಾದೆವು. ಪರಮೇಶ್ ನಮ್ಮಿಬ್ಬರಿಗೂ ರೇಷ್ಮೆಯಂಚಿನ ಜುಬ್ಬಾ, ಸ್ಫೂರ್ತಿಗೆ ಅದೇ ಅಂಚಿನ ರವಿಕೆ ಹೊಲಿದ. ಮೇಡಂ ಅವರನ್ನೂ ಜೊತೆಗೆ ಕರೆದುಕೊಂಡು ಹೊರಟೆವು.

ಅಲ್ಲಿ ಯಾವುದನ್ನು ಮೊದಲು ನುಡಿಸಬೇಕೆಂದು ಚೀಟಿ ಎತ್ತಿದಾಗ ನಮಗೆ ಹೊಸ ಕೃತಿ ಬಂತು. ವೇದಿಕೆಯ ಮೇಲೆ ಕೂತೆವು, ಶ್ರುತಿ ನೋಡಿಕೊಂಡೆವು, ಸಭೆ ನಿಶ್ಶಬ್ದವಾಯಿತು. ನಾನು ಕಮಾನು ಎತ್ತಿದೆ, ಸ್ಫೂರ್ತಿಯೂ ಎತ್ತಿದಳು, ಪರಮೇಶನ ಕೈ ಮೃದಂಗದ ಮೇಲಿತ್ತು. ಯಾರೂ ಶುರು ಮಾಡಲಿಲ್ಲ! ಕಾಯುತ್ತಿದ್ದೇವೆ, ಆದರೆ ಯಾವುದಕ್ಕೆ ಕಾಯುತ್ತಿದ್ದೇವೆಂದು ಗೊತ್ತಿಲ್ಲ. ನನ್ನ ಕಣ್ಣು ತಾನಾಗಿ ಐದನೆಯ ಸಾಲಿನಲ್ಲಿದ್ದ ಮೇಡಂ ಕಡೆಗೆ ಹೋದಾಗ ವಿಷಯ ಹೊಳೆಯಿತು. ಅಭ್ಯಾಸದ ಆರು ತಿಂಗಳೂ ನಾವು ಶುರು ಮಾಡಿದ್ದು ಅವರು ಕನ್ನಡಕ ತೆಗೆದ ಕ್ಷಣದಲ್ಲಿ. ಹಾಗೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ನಿರ್ದೇಶಕರಿಲ್ಲದ ಸಂಗೀತವೆಂದು ಊರೆಲ್ಲ ಹೇಳಿಕೊಂಡು ಬಂದ ನಾವು ಒಂದು ಕನ್ನಡಕವನ್ನು ನಿರ್ದೇಶಕರನ್ನಾಗಿ ಮಾಡಿಕೊಂಡಿದ್ದೆವು.

ಸಭೆಯಿಂದ ಯಾವ ಸನ್ನೆಯೂ ಬರಕೂಡದು, ಬಂದರೆ ತಂಡ ಅನರ್ಹ ಎಂಬುದು ನಿಯಮ. ಆದರೆ ಕನ್ನಡಕ ತೆಗೆಯುವುದನ್ನು ಸನ್ನೆಯೆಂದು ಯಾವ ತೀರ್ಪುಗಾರರು ತಾನೆ ಹೇಳಿಯಾರು? ಮೇಡಂ ನಮ್ಮ ಮೂರು ಮುಖಗಳನ್ನೂ ನೋಡಿದರು. ಅವರಿಗೂ ಆ ಕ್ಷಣವೇ ತಿಳಿಯಿತು. ಬಲಗೈ ಅಭ್ಯಾಸಬಲದಿಂದ ಕನ್ನಡಕದವರೆಗೆ ಹೋಯಿತು. ಮರುಕ್ಷಣ ಎರಡೂ ಕೈಗಳಿಂದ ಅದನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡು ಹಾಗೆಯೇ ಕೂತರು. ಸಭೆಯಲ್ಲಿ ಯಾರೋ ಕೆಮ್ಮಿದರು. ಪರಮೇಶ್ ತುಟಿಯಲ್ಲಾಡಿಸದೆ, “ಶುರು ಮಾಡೋ ಮಾರಾಯ, ಬರ್ತೀನಿ” ಎಂದ. ಅರ್ಧ ನಿಮಿಷವಾದರೂ ಆಗಿರಬೇಕು. ಕಣ್ಣು ಮುಚ್ಚಿ ಕಮಾನು ಎಳೆದೆ. ಎರಡನೆಯ ಸ್ವರಕ್ಕೆ ಸ್ಫೂರ್ತಿ ಬಂದಳು, ಅವಳ ಹಿಂದೆ ಪರಮೇಶ್. ನನ್ನ ಹಿಂದೆ ಜನ ಬರುತ್ತಿದ್ದಾರೆ ಎಂಬ ಅನುಭವ ನನಗೆ ಬದುಕಿನಲ್ಲಿ ಅದೇ ಮೊದಲು.

ನಮಗೆ ಮೊದಲ ಬಹುಮಾನವೇನೂ ಬರಲಿಲ್ಲ. ಹಳೆಯದು, ಹೊಸದರ ಜೋಡಣೆಗೆಂದು ಇಟ್ಟಿದ್ದ ವಿಶೇಷ ಪುರಸ್ಕಾರ ಬಂತು. ಅದನ್ನು ಘೋಷಿಸುತ್ತ ತೀರ್ಪುಗಾರರಲ್ಲಿ ಹಿರಿಯರಾದ ಒಬ್ಬ ಮಹಿಳೆ, ಕಾಣದ ಗಾಯಕನೊಬ್ಬನನ್ನು ಆಲಿಸುವಂತಿದ್ದ ಆ ಆರಂಭದ ದೀರ್ಘ ಮೌನವನ್ನು ಬಹುವಾಗಿ ಕೊಂಡಾಡಿದರು. ನಾವು ಮೂವರೂ ಗಂಭೀರವಾಗಿ ತಲೆಯಾಡಿಸಿದೆವು. ಮೇಡಂ ಮಾತ್ರ ನೆಟ್ಟಗೆ ಅವರ ಬಳಿ ಹೋಗಿ, ತಮಗೆ ಬರುವ ಇಂಗ್ಲಿಷಿನಲ್ಲಿ, ಆ ಮೌನ ರಚನೆಯಲ್ಲಿ ಇಲ್ಲ, ನನ್ನ ಮಕ್ಕಳು ಹೆದರಿ ಕೂತದ್ದು, ಬೇಕಾದರೆ ಪುರಸ್ಕಾರ ವಾಪಸು ತೆಗೆದುಕೊಳ್ಳಿ ಎಂದುಬಿಟ್ಟರು. ಆಕೆ ಜೋರಾಗಿ ನಕ್ಕು, ಹಾಗಾದರೆ ಅದನ್ನು ರಚನೆಯಲ್ಲಿ ಸೇರಿಸಿಬಿಡಿ ಎಂದರು. “ತಪ್ಪಿಗೆ ಸ್ವರ ಹಾಕಿ ಬರೆಯೋಕಾಗುತ್ತಾ?” ಎಂದು ಮೇಡಂ ದಾರಿಯುದ್ದಕ್ಕೂ ನಮ್ಮನ್ನು ಬೈಯುತ್ತ ಬಂದರು. ಪುರಸ್ಕಾರ ನಮ್ಮಲ್ಲಿಯೇ ಉಳಿಯಿತು.

ಮರುದಿನ ಮಧ್ಯಾಹ್ನ ರೈಲಿಗಾಗಿ ಕಾಯುತ್ತ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅವಲಕ್ಕಿಯ ಡಬ್ಬಿ ಬಿಚ್ಚಿ ಕೂತಿದ್ದೆವು. ನನ್ನೊಳಗಿನ ಸಿಟ್ಟು ಇನ್ನೂ ಆರಿರಲಿಲ್ಲ.

“ಒಂದ್ಸಲ ಕನ್ನಡಕ ತೆಗೆದಿದ್ರೆ ಏನಾಗ್ತಿತ್ತು ಮೇಡಂ?”

“ನೀವು ಮೂರು ಜನ ಸಾಯೋತನಕ ಪಕ್ಕದಲ್ಲೇ ಕೂತಿರ್ತಿದ್ರಿ” ಎಂದರು.

ಪರಮೇಶನಿಗೆ ಎಲ್ಲಿಂದ ಧೈರ್ಯ ಬಂತೋ, “ಮತ್ತೆ ನೀವು ಮಾತ್ರ ಕೂತಿರಬಹುದಾ?” ಎಂದು ಕೇಳಿಯೇಬಿಟ್ಟ. ಪಿಟೀಲಿನ ಪೆಟ್ಟಿಗೆ ಆಗಲೇ ಮುಚ್ಚಿತ್ತು, ಮೇಡಂಗೆ ಮುಚ್ಚಲು ಬೇರೇನೂ ಇರಲಿಲ್ಲ.

“ನಾನೂ ಒಂದ್ಸಲ ಶುರು ಮಾಡಿದ್ದೆ ಮಾರಾಯ” ಎಂದರು, ಅವಲಕ್ಕಿಯ ಡಬ್ಬಿ ಪಕ್ಕಕ್ಕೆ ಸರಿಸಿ. “ಇಪ್ಪತ್ನಾಲ್ಕು ವರ್ಷ ನಂಗೆ. ಭದ್ರಾವತೀಲಿ ನನ್ನ ಮೊದಲನೇ ತನಿ ಕಛೇರಿ. ಮೃದಂಗಕ್ಕೆ ದೊಡ್ಡ ವಿದ್ವಾಂಸರು ಬಂದಿದ್ರು, ಈಗ ಇಲ್ಲ ಅವ್ರು. ನಾನು ವರ್ಣ ಶುರು ಮಾಡ್ದೆ. ಅವ್ರು ಮೃದಂಗದ ಮೇಲೆ ಕೈ ಇಡ್ಲೇ ಇಲ್ಲ. ಹೆಂಗಸು ನಡುವೆ ಕೂತ್ರೆ ನುಡಿಸಲ್ಲ ಅಂತ ಮನಸಲ್ಲಿಟ್ಕೊಂಡೇ ಬಂದಿದ್ರಂತೆ. ಮೂರು ಕೃತಿ ಒಬ್ಬಳೇ ನುಡಿಸ್ದೆ. ಜನ ನನ್ನ ನೋಡ್ತಾ ಇರ್ಲಿಲ್ಲ, ಕಟ್ಕೊಂಡಿದ್ದ ಅವರ ಕೈಗಳನ್ನ ನೋಡ್ತಾ ಇದ್ರು. ಶುರು ಮಾಡೋದಕ್ಕೆ ನಂಗೆ ಹೆದರಿಕೆ ಇಲ್ಲ. ಹಿಂದೆ ಯಾರೂ ಬರದೇ ಇದ್ರೆ ಹೇಗಿರುತ್ತೆ ಅಂತ ಗೊತ್ತಷ್ಟೆ.”

ರೈಲು ಬಂತು. ಅವಲಕ್ಕಿ ಅರ್ಧಕ್ಕೆ ಉಳಿಯಿತು.

ಇದನ್ನೆಲ್ಲ ಬರೆಯಲು ಮೇಡಂ ನನಗೆ ಒಪ್ಪಿಗೆ ಕೊಟ್ಟಿಲ್ಲ. ಗ್ರಂಥ ಬಿಡುಗಡೆಯಾದ ಮೇಲೆಯೇ ಅವರು ಓದುವುದರಿಂದ ಬೈಗುಳ ಅನಂತರದ ವಿಷಯ. ಬೀಳ್ಕೊಡುಗೆ ಸಮಾರಂಭದ ಆಹ್ವಾನ ಪತ್ರಿಕೆಯಲ್ಲಿ ಷಡಕ್ಷರಪ್ಪನವರು ‘ವಿದುಷಿ ಮೀರಾ ಯಜ್ಞನಾರಾಯಣ ಅವರಿಂದ ಪಿಟೀಲು ವಾದನ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿಬಿಟ್ಟಿದ್ದಾರೆ. ಅದನ್ನು ನೋಡಿ ಮೇಡಂ “ಆಯ್ತು” ಎಂದರಂತೆ. ಆ ‘ಆಯ್ತು’ ಯಾವ ಬಗೆಯದೆಂದು ಷಡಕ್ಷರಪ್ಪನವರಿಗೆ ಮುಖ ನೋಡಿ ತಿಳಿಯಲಿಲ್ಲವಂತೆ, ನಮಗೂ ಈವರೆಗೆ ಗೊತ್ತಿಲ್ಲ.

ಮೇಡಂ, ನಿಮಗೆ ದೇವರು ಒಳ್ಳೆಯ ಆರೋಗ್ಯವನ್ನೂ, ಆ ನೋಟ್‌ಪುಸ್ತಕದಲ್ಲಿ ಉಳಿದಿರುವ ರಾಗಗಳೆಲ್ಲ ರಚನೆಗಳಾಗುವಷ್ಟು ವರ್ಷಗಳನ್ನೂ ಕೊಡಲಿ. ನಮ್ಮ ಭಾನುವಾರಗಳು ಹೀಗೆಯೇ ಇರಲಿ, ಕಾಫಿಯೂ ಇದ್ದಂತೆಯೇ ಇರಲಿ. ಸಮಾರಂಭದ ದಿನ ನಡುವಿನ ಜಾಗ ನಿಮ್ಮದು. ಬಲಕ್ಕೆ ಪರಮೇಶ್ ಮೃದಂಗ ಇಟ್ಟುಕೊಂಡು ಕೂರುತ್ತಾನೆ, ಕೈ ಮೃದಂಗದ ಮೇಲೆಯೇ ಇರುತ್ತದೆ. ಎಡಕ್ಕೆ ಸ್ಫೂರ್ತಿ, ಪಕ್ಕದಲ್ಲಿ ನಾನು. ನೀವು ಎಷ್ಟು ಹೊತ್ತು ಸುಮ್ಮನಿದ್ದರೂ ನಾವು ಕಾಯುತ್ತೇವೆ, ಕಾಯುವುದರಲ್ಲಿ ನಮಗೆ ಅಂತರರಾಷ್ಟ್ರೀಯ ಪುರಸ್ಕಾರವೇ ಬಂದಿದೆ. ಹೋದ ವರ್ಷ ನನಗೂ ಕನ್ನಡಕ ಬಂತಲ್ಲ, ಶ್ರುತಿ ಸೇರಿದ ಮೇಲೆ ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ನೀವು ಶುರು ಮಾಡಿ ಮೇಡಂ. ನಾವು ಬರುತ್ತೇವೆ.