ಕಹಿ ಐತೇನಪ್ಪ?

ಈ ಯುಗಾದಿಗೆ ಹೊಸದುರ್ಗದ ನಮ್ಮ ಮನೆಯಲ್ಲಿ ಬೇವಿನ ಚಿಗುರು ಕುಟ್ಟುವಾಗ ಎದ್ದ ಹಸಿ ವಾಸನೆಗೆ ತವರೂರು ತಾಳ್ಯದ ಅಜ್ಜಿ ನೆನಪಾದರು. ಸ್ವಂತ ಅಜ್ಜಿಯಲ್ಲ, ಅಲ್ಲಿ ಪಕ್ಕದ ಮನೆಯವರು, ಕುರಿ ಸಾಕುತ್ತಿದ್ದರು.

ಊರಲ್ಲಿ ಯಾರಿಗೆ ಹಾವು ಕಚ್ಚಿದರೂ ಮೊದಲು ಅವರ ಅಂಗಳಕ್ಕೇ ಕರೆತರುತ್ತಿದ್ದರು. ಅಜ್ಜಿ ನಾಲ್ಕು ಬೇವಿನೆಲೆ ಅಗಿಯಲು ಕೊಟ್ಟು, ಮುಖವನ್ನೇ ನೋಡುತ್ತಾ, "ಕಹಿ ಐತೇನಪ್ಪ?" ಎಂದು ಕೇಳುತ್ತಿದ್ದರು. ಕಹಿ ಗೊತ್ತಾದರೆ ವಿಷ ಏರಿಲ್ಲ, ಮನೆಗೆ ಹೋಗಬಹುದು. ಗೊತ್ತಾಗದಿದ್ದರೆ ಆಸ್ಪತ್ರೆಗೆ. ಎಲ್ಲರಿಗೂ ಕಹಿಯೇ ಆಗುತ್ತಿತ್ತು, ಎಲ್ಲರೂ ಬದುಕುತ್ತಿದ್ದರು. ಕಚ್ಚಿದ ಹಾವಿಗೆ ವಿಷವಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಅಜ್ಜಿಯ ಕೈಗುಣ ಎಂದುಕೊಂಡೆವು.

ಒಂದು ಸಂಜೆ ಕುರಿ ದೊಡ್ಡಿಗೆ ಕೂಡುವಾಗ ಅಜ್ಜಿಯ ಗಂಡನಿಗೇ ಕಚ್ಚಿತು. ಅವರು ಎಲೆ ಅಗಿದು ಕಹಿ ಐತೆ ಎಂದರು. ಅಜ್ಜಿ ಚಾಪೆ ಹಾಸಿಕೊಟ್ಟರು. ದೀಪ ಹಚ್ಚುವ ಹೊತ್ತಿಗೆ ಅಜ್ಜನ ರೆಪ್ಪೆ ಮೇಲೇಳಲಿಲ್ಲ. ಹೊಳಲ್ಕೆರೆ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು...

ತಿಥಿ ಮುಗಿದ ಮೇಲೆ ಅಜ್ಜಿ ಮನೆಮನೆಗೆ ಹೋಗಿ, "ಬೇವು ನಂಬಬ್ಯಾಡ್ರಿ, ನಾನು ಹೇಳಿದ್ದು ತಪ್ಪು" ಎಂದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಸಮಾಧಾನ ಮಾಡಿ ಕಳಿಸಿದೆವು. ಅಷ್ಟು ಜನರನ್ನು ಉಳಿಸಿದ ಎಲೆಯನ್ನು ಒಂದು ಸಲ ತಪ್ಪಿತೆಂದು ಬಿಡುವುದೇ? ಅಜ್ಜನ ಆಯಸ್ಸು ಮುಗಿದಿತ್ತು, ಅಷ್ಟೇ ಎಂದೆವು.

ಮುಂದಿನ ವರ್ಷ ನನ್ನ ತಮ್ಮನಿಗೆ ಹೊಲದಲ್ಲಿ ಕಚ್ಚಿತು. ಎಲೆ ತಂದು ಅವನ ಬಾಯಿಗೆ ಹಾಕಿದವಳು ನಾನೇ. ಅಜ್ಜಿ ಓಡಿ ಬಂದು "ಆಟೋ ತರ್ರಿ" ಎಂದು ಗೋಗರೆದರು. ಯಾರೂ ಕದಲಲಿಲ್ಲ. ಅವರು ತಮ್ಮನ ಪಕ್ಕ ಕೂತು, ತಲೆ ಸವರುತ್ತಾ ಕಿವಿಯಲ್ಲಿ ಏನೋ ಹೇಳಿದರು. ಅವನು ಎಲೆ ಉಗಿದು, "ಕಹಿ ಇಲ್ಲ" ಎಂದ. ಎದ್ದುಬಿದ್ದು ಆಸ್ಪತ್ರೆಗೆ ಒಯ್ದೆವು. ಚಿತ್ರದುರ್ಗದಲ್ಲಿ ನಾಲ್ಕು ದಿನ ಮಲಗಿ ಉಳಿದುಕೊಂಡ.

ಆಮೇಲೆ ಕೇಳಬೇಕೆ, ಬೇವಿನ ಮಹಿಮೆಯನ್ನು ಕಂಡವರಿಗೆಲ್ಲ ಸಾರಿದೆ. ನನ್ನ ಗೆಳತಿಗೆ ಕಣದಲ್ಲಿ ಕಚ್ಚಿದಾಗಲೂ ನಾನೇ ಎಲೆ ಕೊಟ್ಟೆ. "ಕಹಿ ಐತೆ ಕಣೇ" ಎಂದು ನಕ್ಕಳು. ನಾನೂ ನಕ್ಕೆ. ಮಾರನೆಯ ದಿನ ಅವಳನ್ನು ಮಣ್ಣು ಮಾಡಿದೆವು.

ಹಿರಿಯೂರಿನ ಮಗಳ ಮನೆಗೆ ಹೋಗಿದ್ದ ಅಜ್ಜಿ ಸುದ್ದಿ ತಿಳಿದು ಬಂದವರು ನನ್ನ ಕೈ ಹಿಡಿದು, "ತಪ್ಪು ನಂದೇ ಕಣವ್ವ" ಎಂದು ಅತ್ತರು. ಯಾವ ತಪ್ಪು ಎಂದು ಹೇಳಲಿಲ್ಲ. ಅದೇ ಕೊರಗಿನಲ್ಲಿ ತೀರಿಹೋದರು...

ಈ ಹಬ್ಬಕ್ಕೆ ಬಂದಿದ್ದ ತಮ್ಮನಿಗೆ ಬೇವುಬೆಲ್ಲ ಕೊಡುತ್ತಾ ಕೇಳಿದೆ: "ನಿನಗೆ ಸರಿಯಾಗಿ ಹೇಳಿದ ಎಲೆ ನನ್ನ ಗೆಳತಿಗೆ ಯಾಕೆ ತಪ್ಪು ಹೇಳ್ತೋ?"

ಅವನು ಚಾಚಿದ ಕೈ ಹಿಂದೆ ತೆಗೆದುಕೊಂಡ.

"ನಂಗೂ ಕಹಿನೇ ಇತ್ತಕ್ಕ. 'ಕಹಿ ಇಲ್ಲ ಅನ್ನು ಮಗ, ಇಲ್ದಿದ್ರೆ ಇವರು ನಿನ್ನ ಆಸ್ಪತ್ರೆಗೆ ಒಯ್ಯಲ್ಲ' ಅಂತ ಕಿವಿಯಲ್ಲಿ ಅಂದಿದ್ರು ಅಜ್ಜಿ. ಯಾರಿಗೂ ಹೇಳಬ್ಯಾಡ ಅಂತ ಮಾತು ತಗಂಡಿದ್ರು. ಅವಳು ಹೋದ ಮೇಲೆ ನಿನ್ನ ಮುಖ ನೋಡಿ ಹೇಳಕ್ಕಾಗಲಿಲ್ಲ."

ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ತಪ್ಪು ನನ್ನದು ಎಂದು ಇಬ್ಬರಿಗೆ ಹೇಳಬೇಕಿತ್ತು. ಇಬ್ಬರೂ ಇಲ್ಲ.