ಲೈಬ್ರರಿಗೆ ಕಂಪ್ಯೂಟರ್ ಬಂದ ವರ್ಷ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಡ್ಲಘಟ್ಟದ ತಾಲ್ಲೂಕು ಕಚೇರಿಯ ಎದುರು ಟೈಪ್‌ರೈಟರ್ ಇಟ್ಟುಕೊಂಡು ಜನರ ಅರ್ಜಿಗಳನ್ನು ಹೊಡೆದುಕೊಡುತ್ತಿದ್ದೆ. ಹೆಂಗಸರೆಲ್ಲ ನನ್ನ ಬಳಿಯೇ ಬರುತ್ತಿದ್ದರು. ಆಗ ಲೈಬ್ರರಿಗೆ ಕಂಪ್ಯೂಟರ್ ಬಂತು. ಯಾರು ಬೇಕಾದರೂ ಅರ್ಧ ಗಂಟೆ ಕೂತು, ತಮ್ಮ ಕಾಗದ ತಾವೇ ಬರೆದು ಪ್ರಿಂಟ್ ತೆಗೆದುಕೊಳ್ಳಬಹುದಂತೆ. ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಳೆ ಸಿಕ್ಕಿಸುವುದು, ತೆಗೆಯುವುದು, ಮತ್ತೆ ಸಿಕ್ಕಿಸುವುದು. ಮೂರನೇ ದಿನ ಮಿಷನ್ನಿಗೆ ಮುಸುಕು ಹಾಕಿ ಹೊರಟೆ. ಲೈಬ್ರರಿಯಲ್ಲಿ ನನ್ನ ಹೆಸರನ್ನೂ ಸರದಿಗೆ ಬರೆಸಿದೆ.

ಕಂಪ್ಯೂಟರಿನ ಮುಂದೆ ಇದ್ದವಳು ನನ್ನ ಗಿರಾಕಿಯೇ. ರೇಷ್ಮೆ ನೂಲು ಬಿಚ್ಚುವ ಕೆಲಸದವಳು. ಬಿಸಿನೀರಿನಲ್ಲಿ ಗೂಡು ಆಡಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಅವಳ ಗಲ್ಲಿಗೆ ನಲ್ಲಿ ಬೇಕೆಂದು ನಾನೇ ಮೂರು ಸಲ ಅರ್ಜಿ ಹೊಡೆದಿದ್ದೆ. ಉತ್ತರ ಬಂದಿರಲಿಲ್ಲ. ನನ್ನನ್ನು ಕಂಡು ಅವಳೇ ಮಾತು ತೆಗೆದಳು.

“ಬೇಜಾರ್ ಮಾಡ್ಕೋಬೇಡಿ ಅಕ್ಕಾ. ನೀವು ಚೆನ್ನಾಗೇ ಬರೀತೀರ. ಆದ್ರೆ ಅದ್ರಲ್ಲಿ ನಾನ್ ಹೇಳಿದ್ದು ಇರಲ್ಲ.”

ನನಗೆ ಚುರ್ ಎಂದಿತು. ಮನೆಯಲ್ಲಿ ಉರ್ದು ಆಡುವ, ಏಳನೇ ತರಗತಿಗೆ ಶಾಲೆ ಬಿಟ್ಟ ಅವಳು ಒಂದೊಂದೇ ಕನ್ನಡ ಅಕ್ಷರ ಹುಡುಕಿ ಬರೆದಿದ್ದಳು: ‘ನನ್ನ ಮಗಳು ನೀರು ಹೊತ್ತು ಬರೋದರಲ್ಲಿ ಶಾಲೆ ಗಂಟೆ ಹೊಡೆದಿರುತ್ತೆ. ಒಂದು ದಿನ ಬಂದು ನೋಡಿ.’ ನನ್ನ ಅರ್ಜಿಗಳಲ್ಲಿ ಆ ಮಗಳು ಇರಲೇ ಇಲ್ಲ. ‘ಸಾರ್ವಜನಿಕರಿಗೆ ತೀವ್ರ ತೊಂದರೆ’ ಎಂದಷ್ಟೇ ಇತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಬರೆದದ್ದೆಲ್ಲ ಅಳಿಸಿಹೋಯಿತು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ನನಗೆ ಹಿತವಾಯಿತು. ಅವಳು ಏಳಲಿಲ್ಲ. ನಾನೇ ಬಾಗಿಲವರೆಗೆ ಹೋಗುತ್ತಿದ್ದೆ, ಬರುತ್ತಿದ್ದೆ.

“ಕೆಲಸಕ್ಕೆ ಹೊತ್ತಾಗಲ್ವೇನಮ್ಮಾ?”

“ಆಗ್ಲಿ ಬಿಡಿ. ಬರ್ದೇ ಹೋಗ್ತೀನಿ.”

ಕರೆಂಟು ಬರುವಷ್ಟರಲ್ಲಿ ಅವಳ ಸಮಯ ಮುಗಿದಿತ್ತು. ಮುಂದಿನ ಸರದಿ ನನ್ನದು.

“ನನ್ನ ಅರ್ಧ ಗಂಟೆ ಇವ್ರಿಗೆ ಕೊಡಿ ಸಾರ್,” ಎಂದೆ ಲೈಬ್ರರಿಯವರಿಗೆ. ಪಕ್ಕದಲ್ಲಿ ಕೂತು, ಪ್ರತಿ ಸಾಲಿಗೂ “ಈಗ ಸೇವ್ ಮಾಡು” ಎಂದು ನೆನಪಿಸಿದೆ. ನನ್ನ ಬೆರಳುಗಳು ತುಡಿಯುತ್ತಿದ್ದವು. ಕೀಲಿ ಮುಟ್ಟಲು ಅವಳು ಬಿಡಲಿಲ್ಲ.

ಅವಳ ಅರ್ಜಿ ಓದಿ ಕಚೇರಿಯವರೊಬ್ಬರು ನಿಜಕ್ಕೂ ಬಂದು ನೋಡಿದರು. ಎರಡು ತಿಂಗಳಿಗೆ ಗಲ್ಲಿಯ ತಿರುವಿನಲ್ಲಿ ನಲ್ಲಿ ನಿಂತಿತು; ನೀರು ದಿನ ಬಿಟ್ಟು ದಿನ. ನನ್ನ ಗಿರಾಕಿಗಳು ಕಡಿಮೆಯಾದರು. ಬಂದವರನ್ನು ಮಾತ್ರ ನಾನು ಮೊದಲು ಪೂರ್ತಿ ಮಾತಾಡಲು ಬಿಡುತ್ತಿದ್ದೆ.